ಸೇಡಂನಿಂದ ಕಂಡ ನೀರು

ಗುಲಾಮ ದಸ್ತಗೀರ ಅವರನ್ನು ಸೇಡಂನಲ್ಲಿ ಎಲ್ಲರೂ ನಕ್ಷೆ ಸಾಹೇಬರು ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ನಿಜಾಮರ ಭೂಮಾಪನದ ಬಂದೋಬಸ್ತ್ ಇಲಾಖೆ ಸೇರಿ, ಸರಪಳಿ ಹಿಡಿದು ಹೊಲಗಳನ್ನು ಅಳೆದು, ಆಮೇಲೆ ಕಚೇರಿಯ ಮೇಜಿನ ಮುಂದೆ ಕೂತು ನಕ್ಷೆ ಬರೆದವರು. ಮುಧೋಳದಿಂದ ಚಿಮ್ಮನಚೋಡದವರೆಗೆ ಯಾವ ಹಳ್ಳ ಎಲ್ಲಿ ಹುಟ್ಟಿ ಎಲ್ಲಿ ಕಾಗಿಣಾ ಹೊಳೆಗೆ ಸೇರುತ್ತದೆ ಎಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲವರಾಗಿದ್ದರು. ಆದರೆ ಸ್ವತಃ ಅವರು ಮೂಡಣಕ್ಕೆ ಹೈದರಾಬಾದು, ಪಡುವಣಕ್ಕೆ ಬಿಜಾಪುರ, ಇಷ್ಟನ್ನು ದಾಟಿ ಎಲ್ಲಿಗೂ ಹೋದವರಲ್ಲ.

೧೯೮೨ರ ನವೆಂಬರಿನಲ್ಲಿ, ಅವರು ನಿವೃತ್ತರಾಗಿ ಐದು ವರ್ಷ ಕಳೆದ ಮೇಲೆ, ಗುರುಲಿಂಗಯ್ಯ ಎಂಬ ಎಂಜಿನಿಯರ್ ಸ್ಕೂಟರ್ ಮೇಲೆ ಮನೆಗೆ ಬಂದ. ಊರಿನ ಹೊರಗೆ ಹೊಸ ಸಿಮೆಂಟ್ ಕಾರ್ಖಾನೆ ಏಳುತ್ತಿತ್ತು. ಕಾಗಿಣಾದಿಂದ ಕಾಲೊನಿಗೆ ನೀರಿನ ಪೈಪು ಹಾಕಬೇಕಿತ್ತು, ಅದಕ್ಕೆ ಶುದ್ಧವಾದ ನಕ್ಷೆ ಬೇಕಿತ್ತು, ಹೈದರಾಬಾದಿನಿಂದ ಬರಬೇಕಿದ್ದವನು ಬಂದಿರಲಿಲ್ಲ. ಒಂದೆರಡು ತಿಂಗಳ ಮಟ್ಟಿಗೆ ಬರಬೇಕೆಂದು ಗುರುಲಿಂಗಯ್ಯ ಕೇಳಿಕೊಂಡ. ದಸ್ತಗೀರ ಅವರು ತಮ್ಮ ಹಿತ್ತಾಳೆಯ ಪೆನ್ನುಗಳನ್ನೂ ಭೂತಗನ್ನಡಿಯನ್ನೂ ಕೈಚೀಲಕ್ಕೆ ಹಾಕಿಕೊಂಡು ಮರುದಿನವೇ ಹೊರಟರು.

ಕಾರ್ಖಾನೆಯಲ್ಲಿ ಅವರಿಗೆ ಮೇಜು ಕೊಟ್ಟ ಕೋಣೆ ಎಮಿಲಿಯೊ ಎಂಬ ಸ್ಪೇನ್ ದೇಶದವನದು. ಸಿಮೆಂಟಿನ ಕಲ್ಲು ಸುಡುವ ದೊಡ್ಡ ಉರುಳೆಯನ್ನು ಕೂಡಿಸಲು ಅವನ ಕಂಪನಿ ಅವನನ್ನು ಕಳಿಸಿತ್ತು. ನಲವತ್ತರ ಆಸುಪಾಸಿನ, ಬಿಸಿಲಿಗೆ ಮುಖ ಕೆಂಪಾದ, ಮಾತು ಕಡಿಮೆಯ ಮನುಷ್ಯ. ಇಂಗ್ಲಿಷು ಅವನಿಗೂ ಅರ್ಧಂಬರ್ಧ ಬರುತ್ತಿತ್ತು, ದಸ್ತಗೀರ ಅವರಿಗೂ ಕಚೇರಿಯ ಮಟ್ಟಿಗಷ್ಟೇ. ಮೊದಲ ದಿನ ಇಬ್ಬರೂ ತಲೆಬಾಗಿ ಸಲಾಮು ಮಾಡಿಕೊಂಡರು, ಅಷ್ಟೇ.

ಆದರೆ ಗೋಡೆಯ ಮೇಲೆ ಎರಡು ನಕ್ಷೆಗಳಿದ್ದವು.

ಒಂದು ಎಂಟು ಬಣ್ಣಗಳ ದೊಡ್ಡ ಹಾಳೆ. ಇನ್ನೊಂದು ಯಾವುದೋ ಒಂದೇ ಊರಿನ ಹಳೆಯ ನೀಲಿ ಪ್ರತಿ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಬಟ್ಟೆ ಅಂಟಿಸಿದ್ದು. ದಸ್ತಗೀರ ಅವರು ಕೈಚೀಲವನ್ನು ಮೇಜಿನ ಮೇಲಿಟ್ಟವರು ಅದನ್ನು ಬಿಚ್ಚಲಿಲ್ಲ. ಬಣ್ಣದ ಹಾಳೆಯ ಮುಂದೆ ನಿಂತುಬಿಟ್ಟರು. ಅಕ್ಷರ ಒಂದೂ ತಿಳಿಯದಿದ್ದರೂ ಆ ನೆಲ ಅವರಿಗೆ ತಿಳಿಯುತ್ತಿತ್ತು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳು ಒತ್ತೊತ್ತಾಗಿ ಬಂದಲ್ಲಿ ಕಡಿದಾದ ಬೆಟ್ಟ. ಅದರ ನೆತ್ತಿಯಲ್ಲಿ ಬಿಳಿ ಬಿಟ್ಟಿದ್ದಾರೆ ಅಂದರೆ ಹಿಮ. ಉತ್ತರದಲ್ಲಿ ಒಂದು ಮಹಾನದಿ, ನೂರು ಹಳ್ಳಗಳನ್ನು ನುಂಗುತ್ತ ಪಡುವಣ ಸಮುದ್ರಕ್ಕೆ ಹೋಗಿದೆ. ಆಗ್ನೇಯ ಮೂಲೆಯಲ್ಲಿ ಮಾತ್ರ ನೀಲಿ ಗೆರೆಗಳೆಲ್ಲ ತುಂಡು ತುಂಡು. ಅಲ್ಲಿ ಮಳೆಯಿಲ್ಲ, ಹಳ್ಳಗಳು ವರ್ಷಕ್ಕೊಮ್ಮೆ ಹರಿದು ಬತ್ತುತ್ತವೆ ಎಂದು ಅವರು ಮನಸ್ಸಿನಲ್ಲೇ ಅಂದುಕೊಂಡರು. ಎಮಿಲಿಯೊ ಬಂದು ಆ ಮೂಲೆಯ ಮೇಲೆಯೇ ಬೆರಳಿಟ್ಟು, ತನ್ನ ಎದೆ ಮುಟ್ಟಿ ತೋರಿಸಿದ. ನನ್ನ ಊರು ಇಲ್ಲಿ ಅಂದ ಹಾಗೆ.

ಆ ನಾಡಿನ ಹೆಸರನ್ನು ಅವನು ಎರಡು ಸಲ ಹೇಳಿದ ಮೇಲೆ ದಸ್ತಗೀರ ಅವರಿಗೆ ಅರ್ಥವಾಯಿತು. ಆಂಡಲೂಸಿಯಾ. ಅಂದಲುಸ್, ಅರಬರು ನೂರಾರು ವರ್ಷ ಆಳಿ ಕಳೆದುಕೊಂಡ ನಾಡು. ಬಾಲ್ಯದಲ್ಲಿ ಉಸ್ತಾದರು ಆ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು, ಮುಳುಗಿಹೋದ ಯಾವುದೋ ನಾಡಿನ ಕಥೆ ಹೇಳುವಂತೆ. ಆ ನಾಡಿನಿಂದ ಒಬ್ಬ ಮನುಷ್ಯ ಬಂದು, ತೋಳು ಮಡಿಚಿದ ಅಂಗಿ ತೊಟ್ಟು, ಸೇಡಂನ ಧೂಳಿನಲ್ಲಿ ನಿಂತು ಚಹಾ ಕುಡಿಯುತ್ತಾನೆ ಎಂಬುದನ್ನು ನಂಬಲು ಅವರಿಗೆ ಎರಡು ದಿನ ಹಿಡಿಯಿತು.

ಅವರ ಮಗಳು ರಶೀದಾಬೇಗಂ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಅವಳ ಇಂಗ್ಲಿಷು ಚೆನ್ನಾಗಿತ್ತು. ಮುಂದಿನ ಭಾನುವಾರ ಅವರು ಅವಳನ್ನೂ ಕರೆದುಕೊಂಡು ಹೋದರು. ಗುರುಲಿಂಗಯ್ಯ ಕುರ್ಚಿ ತರಿಸಿ, ‘ಕುಂದ್ರಿ ಟೀಚರ್' ಅಂದ. ಅವಳು ಕೂರಲಿಲ್ಲ, ಅವಳೂ ಅಪ್ಪನಂತೆ ನಕ್ಷೆಯ ಮುಂದೆ ನಿಂತಳು.

ಅಂದು ಎಮಿಲಿಯೊ ತುಂಬ ಹೇಳಿದ. ಎಂಟು ಬಣ್ಣ ಅಂದರೆ ಎಂಟು ಜಿಲ್ಲೆಗಳು. ರಾಜಧಾನಿ ಸೆವಿಲ್. ಸರ್ವಾಧಿಕಾರಿ ಸತ್ತ ಮೇಲೆ ಅವನ ದೇಶದಲ್ಲಿ ಒಂದೊಂದು ಸೀಮೆಗೂ ತನ್ನದೇ ಸರಕಾರ ಕೊಡುತ್ತ ಬಂದಿದ್ದರು. ಆಂಡಲೂಸಿಯಾದ ಮೊದಲ ವಿಧಾನಸಭೆ ಕೂಡಿ ಇನ್ನೂ ವರ್ಷವಾಗಿರಲಿಲ್ಲ. ಅದಕ್ಕೂ ಮೊದಲು, ೧೯೮೦ರ ಫೆಬ್ರುವರಿಯಲ್ಲಿ, ಜನರನ್ನೇ ಕೇಳಿದ್ದರು. ಬರೀ ಒಟ್ಟು ಲೆಕ್ಕ ಸಾಲದು, ಎಂಟೂ ಜಿಲ್ಲೆಗಳಲ್ಲಿ ಪಟ್ಟಿಯಲ್ಲಿರುವ ಮತದಾರರ ಅರ್ಧಕ್ಕಿಂತ ಹೆಚ್ಚು ಜನ ಹೌದು ಅನ್ನಬೇಕಿತ್ತು. ಅವನ ಜಿಲ್ಲೆ ಅಲ್ಮೇರಿಯದಲ್ಲಿ ಅಷ್ಟು ಜನ ಹೌದು ಅನ್ನಲಿಲ್ಲ. ಆ ಒಂದು ಜಿಲ್ಲೆಯಿಂದಾಗಿ ಇಡೀ ಸೀಮೆಯ ಕೆಲಸ ತಿಂಗಳುಗಟ್ಟಲೆ ನಿಂತಿತು, ಕಾನೂನನ್ನೇ ತಿದ್ದಿ ದಾರಿ ಮಾಡಬೇಕಾಯಿತು. ಅವತ್ತು ತಾನು ಕೆಲಸದ ಮೇಲೆ ದೂರದಲ್ಲಿದ್ದೆ, ಊರಿಗೆ ಹೋಗಿ ಮತ ಹಾಕಲಿಲ್ಲ ಎಂದು ಎಮಿಲಿಯೊ ನೆಲ ನೋಡುತ್ತ ಹೇಳಿದ.

ರಶೀದಾ ಇದನ್ನೆಲ್ಲ ಅಪ್ಪನಿಗೆ ತಿಳಿಸಿದಳು. ದಸ್ತಗೀರ ಅವರು ಆಗ್ನೇಯ ಮೂಲೆಯ ಜಿಲ್ಲೆಯ ಗಡಿಯ ಮೇಲೆ ಬೆರಳಾಡಿಸಿದರು.

‘ಒಂದೊಂದು ಜಿಲ್ಲಾಕ ಬ್ಯಾರೆ ಬ್ಯಾರೆ ಕೇಳಿದ್ರಂತ?' ಅಂದರು.

‘ಹೌದು ಅಬ್ಬಾ.'

‘ಒಂದು ಜಿಲ್ಲಾ ಸಾಲಲಿಲ್ಲಂದ್ರ ಎಂಟೂ ನಿಂತ್ವು?'

‘ನಿಂತ್ವಂತ.'

ಅವರಿಗೆ ೧೯೫೬ರ ಅಕ್ಟೋಬರು ನೆನಪಾಯಿತು. ಹೈದರಾಬಾದ್ ರಾಜ್ಯವನ್ನು ಹಂಚುವಾಗ ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಅದೇ ಜಿಲ್ಲೆಯಲ್ಲಿದ್ದ ಕೊಡಂಗಲ್ ಆಂಧ್ರಕ್ಕೆ ಹೋಯಿತು. ಸೇಡಂಗೂ ಕೊಡಂಗಲ್‌ಗೂ ನಡುವಿನ ಆ ಹೊಸ ಗೆರೆಯ ಕಚೇರಿ ಪ್ರತಿಯನ್ನು ಕೆಂಪು ಮಸಿಯಲ್ಲಿ ಎಳೆದದ್ದು ಅವರೇ. ಅವರ ತಂಗಿ ಅಮೀರ್‌ಬೀಯನ್ನು ಕೊಟ್ಟದ್ದು ಕೊಡಂಗಲ್‌ಗೆ. ಗೆರೆ ಎಲ್ಲೂ ಅಲುಗಲಿಲ್ಲ, ಸರಕಾರದ ಕೆಲಸ ಸರಕಾರದ ಕೆಲಸ. ಯಾರಾದರೂ ಕೇಳಿದ್ದರೆ ತಾವು ಏನು ಹೇಳುತ್ತಿದ್ದೆವೋ ಎಂದು ಅವರು ಯೋಚಿಸಿದ್ದೂ ಇಲ್ಲ. ಒಂದು ಜಿಲ್ಲೆಯ ಮಾತಿಗೆ ಅಷ್ಟು ತೂಕ ಕೊಟ್ಟು ಕೂತು ಕಾದ ಸೀಮೆಯೊಂದು ಭೂಮಿಯ ಮೇಲಿದೆ ಎಂಬುದು ಅವರಿಗೆ ಆ ಹಿಮದ ಬೆಟ್ಟಕ್ಕಿಂತ ದೊಡ್ಡದಾಗಿ ಕಂಡಿತು.

ಅಲ್ಲಿಂದ ಮುಂದೆ ಭಾನುವಾರಗಳು ಹೀಗೇ ಕಳೆದವು. ರಶೀದಾ ನಕ್ಷೆಯ ಹೆಸರುಗಳನ್ನು ಓದುವಳು, ಅಪ್ಪ ಕಣ್ಣುಮುಚ್ಚಿ ಕೇಳುವರು. ಕಾಲುವೆಗೆ ಅಲ್ಲಿ ಅಸೇಕಿಯ ಅನ್ನುತ್ತಾರೆ ಅಂದಾಗ, ಅದು ನಮ್ಮ ಸಾಕಿಯೇ, ನೀರು ಕುಡಿಸುವವಳು ಅಂದರು. ದೊಡ್ಡ ನದಿಯ ಹೆಸರು ಗ್ವಾದಲ್‌ಕಿವಿರ್ ಅಂದಾಗ ಅದನ್ನು ನಾಲಿಗೆಯ ಮೇಲೆ ಎರಡು ಸಲ ಹೊರಳಿಸಿ, ವಾದಿ ಅಲ್ ಕಬೀರ್, ದೊಡ್ಡ ಹೊಳೆ ಎಂದು ಅರಬ್ಬಿಯಲ್ಲಿ ಬಿಡಿಸಿದರು. ರಶೀದಾ ಹಿಗ್ಗಿ, ಹಾಗಾದರೆ ನಮ್ಮ ವಾಡಿ ಸ್ಟೇಷನ್ನೂ ಅದೇ ಏನು ಎಂದು ಕೇಳಿದಳು. ಅಲ್ಲ, ನಮ್ಮ ವಾಡಿ ಮರಾಠಿಯ ಮಾತು, ಸಣ್ಣ ಊರು ಅಂತ ಅರ್ಥ, ಸದ್ದು ಕೂಡಿತೆಂದು ನಂಟು ಕಟ್ಟಬಾರದು ಎಂದು ಅವರು ಗಂಭೀರವಾಗಿ ತಿದ್ದಿದರು.

ಡಿಸೆಂಬರಿನ ಒಂದು ಭಾನುವಾರ ಅವರು ಎರಡನೆಯ ನಕ್ಷೆಗೆ ಬಂದರು.

ಅದು ಎಮಿಲಿಯೊನ ಹುಟ್ಟೂರು ಬೆನಜೂಲ್‌ನದು. ನೂರೈವತ್ತು ಮನೆಗಳ ಊರು, ಮೇಲೆ ಬೋಳು ಗುಡ್ಡ, ಕೆಳಗೆ ಒಣ ಹಳ್ಳ. ಊರ ನಡುವೆ ಒಂದು ಕಲ್ಲಿನ ತೊಟ್ಟಿ, ಅದರ ಗೋಡೆಯಿಂದ ಹಗಲಿರುಳು ನೀರು ಬೀಳುತ್ತಿತ್ತಂತೆ. ಹನ್ನೆರಡು ವರ್ಷದ ಹಿಂದೆ ನೀರು ಸಣ್ಣಗಾಗಿ ನಿಂತುಹೋಯಿತು. ಈಗ ಲಾರಿಯಲ್ಲಿ ನೀರು ಬರುತ್ತದೆ, ಬಾದಾಮಿ ಗಿಡಗಳು ಒಣಗಿವೆ, ಅರ್ಧ ಊರು ಖಾಲಿಯಾಗಿದೆ ಎಂದು ಎಮಿಲಿಯೊ ಹೇಳಿದ.

ದಸ್ತಗೀರ ಅವರು ಭೂತಗನ್ನಡಿ ಹಿಡಿದು ಆ ಹಾಳೆಯ ಮೇಲೆ ಬಗ್ಗಿದ್ದರು. ಗುಡ್ಡದ ಬುಡದಿಂದ ಊರಿನ ಕಡೆಗೆ ಸಣ್ಣ ಸಣ್ಣ ಸುತ್ತುಗಳ ಸಾಲೊಂದಿತ್ತು. ಹೆಸರಿಲ್ಲ. ಇವೇನು ಎಂದು ಅವರು ಕೇಳಿಸಿದರು. ಹಳೆಯ ಗಣಿಯ ಗುಂಡಿಗಳು, ಹತ್ತಿರ ಹೋಗಬೇಡ ಅಂತ ತಾಯಿ ಹೆದರಿಸುತ್ತಿದ್ದಳು, ಮೇಲೆ ಕಲ್ಲುಚಪ್ಪಡಿ ಮುಚ್ಚಿದ್ದಾರೆ ಎಂದು ಎಮಿಲಿಯೊ ಉತ್ತರಿಸಿದ.

ಅವರು ಕೈಚೀಲದಿಂದ ಕೈವಾರ ತೆಗೆದು ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರು. ಕೊನೆಯವರೆಗೆ ಅಳೆದು, ತಿರುಗಿ ಮೇಲಿನಿಂದ ಅಳೆದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

‘ಇದು ಗಣಿ ಅಲ್ಲಂತ ಹೇಳು ಬೇಟಿ,' ಅಂದರು. ‘ಗಣಿ ತೋಡೋರು ಮಾಲು ಸಿಕ್ಕಲ್ಲಿ ತೋಡ್ತಾರ. ಇವು ನೋಡು, ಒಂದು ಕಡಿ ಬಿಟ್ರ ಒಂದರಿಂದ ಒಂದಕ್ಕ ಅಳತಿ ಸಮ ಅದ. ಗುಡ್ಡದ ಬುಡದಾಗ ಶುರುವಾಗಿ, ಸಾವಕಾಶ ಇಳೀತ, ಕೊನೀದು ತೊಟ್ಟಿ ಹತ್ರ ಬಂದು ನಿಂತದ. ಇದು ಸುರಂಗ ಬಾವಿ. ನೆಲದ ಒಳಗ ನೀರಿನ ದಾರಿ ಅದ. ಈ ಸುತ್ತುಗಳು ಆ ದಾರೀಗ ಇಳಿಯೋ ಬಾವಿಗಳು.'

ಎಮಿಲಿಯೊ ನಕ್ಕ. ಅಪಹಾಸ್ಯದ ನಗೆಯಲ್ಲ, ನಂಬಲಾರದ ನಗೆ. ತಾನು ಹುಟ್ಟಿ ಬೆಳೆದ ಊರು, ತನಗೆ ಗೊತ್ತಿಲ್ಲವೇ ಅಂದ.

ದಸ್ತಗೀರ ಅವರು ಅವನನ್ನು ಕೂರಿಸಿ ಹೇಳಿದರು. ೧೯೪೫ರಲ್ಲಿ ಇಲಾಖೆ ತಮ್ಮನ್ನು ಬೀದರಿಗೆ ಕಳಿಸಿತ್ತು. ಅಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿಗಳನ್ನು ಆರು ತಿಂಗಳು ಸರಪಳಿ ಹಿಡಿದು ಅಳೆದಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಮೊಣಕಾಲಿನಷ್ಟು ತಣ್ಣೀರಿನಲ್ಲಿ, ಒಂದು ಬಾವಿಯ ಬೆಳಕಿನಿಂದ ಮುಂದಿನ ಬಾವಿಯ ಬೆಳಕಿಗೆ ನಡೆದಿದ್ದರು. ಆ ವಿದ್ಯೆ ಈರಾನಿನ ಕಡೆಯಿಂದ ಬಂದದ್ದು, ಮೂಡಣಕ್ಕೂ ಹೋಗಿದೆ, ಪಡುವಣಕ್ಕೂ ಹೋಗಿದೆ ಎಂದು ಹಿರಿಯರು ಅನ್ನುತ್ತಿದ್ದರು. ಎಲ್ಲಿಯವರೆಗೆ ಹೋಗಿದೆ ಎಂದು ತಮಗೆ ಇಂದು ಕಂಡಿತು.

ಎಮಿಲಿಯೊ ಈಗ ನಗುತ್ತಿರಲಿಲ್ಲ. ಎದ್ದು ಬಂದು ಅವರ ಪಕ್ಕದಲ್ಲಿ ಬಗ್ಗಿದ. ಹಾಗಾದರೆ ನೀರು ಯಾಕೆ ನಿಂತಿತು ಎಂದು ಕೇಳಿದ.

‘ಒಂಬತ್ತನೇದು, ಇದರ ಮುಂದಿಂದು. ನಡುವ ಎರಡು ಪಟ್ಟು ಅಂತರ ಅದ,' ಅಂದರು ದಸ್ತಗೀರ ಅವರು ಕೈವಾರದ ಮೊನೆ ತೋರಿಸಿ. ‘ಇಲ್ಲಿ ಒಂದು ಬಾವಿ ಇರ್ಲೇಬೇಕು. ಇಲ್ಲೇ ರಸ್ತಾ ಹಾದದ. ರಸ್ತಾದ ಮಣ್ಣು ಅದರ ಮ್ಯಾಲ ಕುಂತದ. ಕೇಳು ಅವಂಗ, ರಸ್ತಾ ಯಾವಾಗ ಮಾಡಿದ್ರು ಅಂತ.'

ಎಮಿಲಿಯೊ ಬೆರಳು ಮಡಿಚಿ ಎಣಿಸಿದ. ಅರವತ್ತೊಂಬತ್ತರಲ್ಲಿ ರಸ್ತೆ. ಎಪ್ಪತ್ತರಲ್ಲಿ ನೀರು ನಿಂತಿತು. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ. ನಿಮ್ಮ ತಂದೆ ಸ್ಪೇನಿಗೆ ಬಂದಿದ್ದರೇ ಎಂದು ರಶೀದಾಳನ್ನು ಕೇಳಿದ. ಬಿಜಾಪುರದ ತನಕ ಹೋಗಿದ್ದಾರೆ ಎಂದು ಅವಳು ಹೇಳಿದಳು.

ಒಂದು ವಾರ ಕೂತು ದಸ್ತಗೀರ ಅವರು ನೆಲವನ್ನು ಉದ್ದಕ್ಕೆ ಸೀಳಿ ತೋರಿಸುವ ನಕ್ಷೆಯೊಂದನ್ನು ಬರೆದರು. ಗುಡ್ಡದ ಬುಡದಿಂದ ತೊಟ್ಟಿಯವರೆಗೆ ಮೇಲೆ ನೆಲದ ಗೆರೆ, ಕೆಳಗೆ ಸುರಂಗದ ಗೆರೆ, ಹದಿನಾಲ್ಕು ಬಾವಿಗಳು, ರಸ್ತೆಯಡಿಯ ಹದಿನೈದನೆಯದನ್ನು ಚುಕ್ಕಿಗಳಲ್ಲಿ. ರಸ್ತೆಯ ಅಂಚಿನಿಂದ ಎಷ್ಟು ಮೀಟರ್ ಒಳಗೆ, ಎಷ್ಟು ಆಳಕ್ಕೆ ಅಗೆಯಬೇಕು ಎಂಬುದನ್ನೂ ಬರೆದರು. ಎಮಿಲಿಯೊ ತಾಯಿಗೆ ಪತ್ರ ಬರೆದು, ನಕ್ಷೆಯನ್ನು ಜೊತೆಗಿಟ್ಟು, ಜನವರಿಯ ಮೊದಲ ವಾರ ಸೇಡಂ ಅಂಚೆ ಕಚೇರಿಯಲ್ಲಿ ಹಾಕಿದ. ಆ ಕಚೇರಿಯಿಂದ ಸ್ಪೇನಿಗೆ ಹೋದ ಮೊದಲ ಲಕೋಟೆ ಅದೇ ಇರಬೇಕೆಂದು ಪೋಸ್ಟ್ ಮಾಸ್ತರರು ಅದನ್ನು ಎರಡು ಸಲ ತಿರುಗಿಸಿ ನೋಡಿದರು.

ಆಮೇಲೆ ದಸ್ತಗೀರ ಅವರಿಗೆ ಅಂಜಿಕೆ ಶುರುವಾಯಿತು. ಪೈಪಿನ ಕೆಲಸ ಮುಗಿದಿತ್ತು, ಹೊತ್ತು ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕಾಗಿಣಾದ ದಂಡೆಗೆ ಹೋಗಿ ಕೂರುವರು. ಆ ಮಣ್ಣನ್ನು ತಾವು ಕೈಯಲ್ಲಿ ಹಿಡಿದು ನೋಡಿಲ್ಲ. ಕಾಗದದ ಮೇಲಿನ ಸುತ್ತುಗಳನ್ನು ನಂಬಿ ಸಾವಿರಾರು ಮೈಲಿ ಆಚೆಯ ಜನರಿಗೆ ಅಗೆಯಿರಿ ಅಂದಿದ್ದಾರೆ. ಅಳತೆ ತಪ್ಪಿದರೆ? ಯಾರಾದರೂ ಒಳಗೆ ಇಳಿದು ಮಣ್ಣು ಕುಸಿದರೆ? ಬೀದರಿನಲ್ಲಿ ಒಬ್ಬ ಆಳು ಹಾಗೆ ಸಿಕ್ಕಿಬಿದ್ದದ್ದನ್ನು ಅವರು ಕಂಡಿದ್ದರು. ಹೆಂಡತಿ ಸೈದಾನಬಿ ಕೇಳಿದರೆ ಏನೂ ಇಲ್ಲ ಅನ್ನುವರು. ಆದರೆ ಊಟದ ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು.

ಫೆಬ್ರುವರಿ ಹೋಯಿತು, ಮಾರ್ಚ್ ಹೋಯಿತು. ಏಪ್ರಿಲಿನ ಒಂದು ಮಧ್ಯಾಹ್ನ ಕಾರ್ಖಾನೆಯ ಜೀಪು ಮನೆಯ ಮುಂದೆ ನಿಂತಿತು. ಎಮಿಲಿಯೊ ಇಳಿದ. ಹೊಸ್ತಿಲಲ್ಲಿ ಬೂಟು ಕಳಚಿ ಒಳಗೆ ಬಂದು, ಚಾಪೆಯ ಮೇಲೆ ಕೂತ. ಕೈಯಲ್ಲಿ ದಪ್ಪ ಲಕೋಟೆಯಿತ್ತು. ರಶೀದಾ ಸ್ಕೂಲಿನಿಂದ ಬರುವ ತನಕ ಸೈದಾನಬಿ ಕೊಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಯುತ್ತ ಕೂತಿದ್ದ.

ಅವಳು ಬಂದ ಮೇಲೆ ಓದಿದ. ತಾಯಿ ಆ ನಕ್ಷೆಯನ್ನು ಊರಿನ ಅಧ್ಯಕ್ಷನ ಮೇಜಿನ ಮೇಲೆ ಹರಡಿ, ಓದುವ ತನಕ ಏಳುವುದಿಲ್ಲ ಎಂದು ಕೂತಳಂತೆ. ರಸ್ತೆಯ ದಂಡೆ ಅಗೆಯಲು ಅಧ್ಯಕ್ಷನಿಗೆ ಅಧಿಕಾರವಿಲ್ಲ. ಅವನು ಜಿಲ್ಲೆಗೆ ಬರೆದ, ಜಿಲ್ಲೆಯವರು ಸೆವಿಲ್‌ನ ಹೊಸ ಸರಕಾರಕ್ಕೆ ಕಳಿಸಿದರು. ಅಲ್ಲಿನ ನೀರಿನ ಕಚೇರಿಯಲ್ಲಿ ಇನ್ನೂ ಕಪಾಟುಗಳೇ ಬಂದಿರಲಿಲ್ಲ, ಕಾಗದಗಳು ನೆಲದ ಮೇಲೆ ರಾಶಿ ಬಿದ್ದಿದ್ದವು. ಒಬ್ಬ ಹೆಣ್ಣುಮಗಳು, ಕೆಲಸಕ್ಕೆ ಸೇರಿ ಮೂರು ತಿಂಗಳಾದ ಅಧಿಕಾರಿ, ಆ ರಾಶಿಯಲ್ಲಿ ಈ ನಕ್ಷೆಯನ್ನು ಕಂಡು, ಇಷ್ಟು ಚೆಂದದ ಗೆರೆ ಎಳೆದವನು ಸುಳ್ಳು ಹೇಳಲಾರ ಎಂದು ರುಜು ಹಾಕಿ, ತಾನೇ ಬಂದು ನಿಂತಳು.

ರಸ್ತೆಯ ಬುಡದಲ್ಲಿ ಅಗೆದರು. ನಾಲ್ಕು ಮೀಟರಿಗೆ ಕಲ್ಲು ಕಟ್ಟಿದ ಬಾವಿಯ ಬಾಯಿ ಸಿಕ್ಕಿತು, ಹನ್ನೊಂದು ಮೀಟರಿಗೆ ಕೆಸರು. ಮರದ ಆಸರೆ ಕೊಟ್ಟು ಎರಡು ವಾರ ಕೆಸರು ತೆಗೆದರು. ಯಾರಿಗೂ ಏನೂ ಆಗಲಿಲ್ಲ. ಮಾರ್ಚ್ ಹತ್ತೊಂಬತ್ತರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ತೊಟ್ಟಿಯ ಗೋಡೆಯೊಳಗೆ ಏನೋ ಕೆಮ್ಮಿದ ಹಾಗಾಯಿತು. ಮೊದಲು ಗಾಳಿ, ಆಮೇಲೆ ಕಪ್ಪು ರಾಡಿ. ಸಂಜೆಯ ಹೊತ್ತಿಗೆ ತಿಳಿನೀರು ಬಿತ್ತು.

ಅಲ್ಲಿಗೆ ಬಂದಾಗ ಎಮಿಲಿಯೊ ಕಾಗದವನ್ನು ರಶೀದಾಳ ಕೈಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿದ.

ಲಕೋಟೆಯಲ್ಲಿ ಒಂದು ಫೋಟೊ ಇತ್ತು. ತೊಟ್ಟಿಯ ಸುತ್ತ ಇಡೀ ಊರು ನಿಂತಿದೆ, ಕಪ್ಪು ಬಟ್ಟೆಯ ಮುದುಕಿಯರು ಮುಂದೆ. ದಸ್ತಗೀರ ಅವರು ಭೂತಗನ್ನಡಿ ತಂದು, ಜನರನ್ನು ಬಿಟ್ಟು, ಗೋಡೆಯಿಂದ ಬೀಳುವ ನೀರನ್ನು ನೋಡಿದರು. ‘ಎರಡು ಇಂಚಿನ ನಳದಷ್ಟು ಅದ,' ಅಂದರು. ‘ಇನ್ನೂ ಬರ್ತದ. ಮ್ಯಾಲಿನ ಬಾವಿಗಳ ಹೂಳು ತೆಗೀರಿ ಅಂತ ಬರೀ.' ಇಷ್ಟು ಹೇಳಿ, ಫೋಟೊವನ್ನು ಚಾಪೆಯ ಮೇಲಿಟ್ಟು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಇನ್ನೊಂದು ಕಾಗದ ಮುದ್ರೆ ಒತ್ತಿದ್ದು. ಸೇಡಂ ಊರಿನ ಭೂಗೋಳ ತಜ್ಞ ಗುಲಾಮ ದಸ್ತಗೀರ ಅವರಿಗೆ ಬೆನಜೂಲ್ ಊರು ಋಣಿಯಾಗಿದೆ ಎಂದು ಅದರಲ್ಲಿತ್ತು. ಕೆಳಗೆ ಊರಿನ ಅಧ್ಯಕ್ಷನ ರುಜು. ಅವನ ಹುದ್ದೆಯ ಹೆಸರು ಅಲ್ಕಾಲ್ದೆ. ರಶೀದಾ ಅದನ್ನು ಓದುತ್ತಿದ್ದ ಹಾಗೇ ತಂದೆ ತಲೆಯೆತ್ತಿದರು. ಅಲ್ ಕಾದಿ. ನಮ್ಮ ಖಾಜಿ. ಎಮಿಲಿಯೊಗೆ ಅದನ್ನು ತಿಳಿಸಿದಾಗ ಅವನು ಆ ಪದವನ್ನು, ಹುಟ್ಟಿದಂದಿನಿಂದ ಆಡಿದ್ದನ್ನು, ಹೊಸದಾಗಿ ಕೇಳಿದವನಂತೆ ಬಾಯೊಳಗೇ ಹೇಳಿಕೊಂಡ.

ಆ ವರ್ಷದ ಮಳೆಗಾಲದಲ್ಲಿ ಉರುಳೆ ತಿರುಗತೊಡಗಿತು, ಎಮಿಲಿಯೊ ಊರಿಗೆ ಹೋದ. ಹೋಗುವಾಗ ದಸ್ತಗೀರ ಅವರ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ. ಆಗಾಗ ಪತ್ರಗಳು ಬರುತ್ತಿದ್ದವು. ಬಾದಾಮಿ ಗಿಡಗಳು ಚಿಗುರಿದ್ದು, ಎರಡು ಮನೆಗಳವರು ತಿರುಗಿ ಬಂದದ್ದು, ತಾಯಿ ತೀರಿಕೊಂಡದ್ದು.

೧೯೮೫ರಲ್ಲಿ ಸೆವಿಲ್‌ನಿಂದ ರಟ್ಟಿನ ಕೊಳವೆಯೊಂದು ಅಂಚೆಯಲ್ಲಿ ಬಂತು. ಒಳಗೆ ಆಂಡಲೂಸಿಯಾ ಸರಕಾರ ತಾನೇ ಅಳೆಸಿ ಅಚ್ಚು ಹಾಕಿಸಿದ ಬೆನಜೂಲ್‌ನ ಹೊಸ ನಕ್ಷೆ. ಈಗ ಸುತ್ತುಗಳು ಹದಿನೈದು, ಅವನ್ನು ಸೇರಿಸುವ ಸಣ್ಣ ನೀಲಿ ಗೆರೆ. ದಸ್ತಗೀರ ಅವರು ಅದನ್ನು ಅಂಗಳದ ಮಂಚದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಸೈದಾನಬಿಯನ್ನು ಕರೆದರು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ನಕ್ಷೆಗಳನ್ನು ಧೂಳು ಒರೆಸಿ ಇಟ್ಟವಳೇ ಹೊರತು ಒಂದನ್ನೂ ಬಗ್ಗಿ ನೋಡಿದವಳಲ್ಲ. ಅವತ್ತು ನೋಡಿದಳು. ಗಂಡ ತೋರಿಸಿದ ನೀಲಿ ಗೆರೆಯ ಮೇಲೆ ಬೆರಳಾಡಿಸಿದಳು. ಇದನ್ನು ಮೊದಲು ತೋಡಿದವರು ಯಾರು ಎಂದು ಕೇಳಿದಳು. ಹೆಸರು ಯಾರಿಗೂ ಗೊತ್ತಿಲ್ಲ, ಸಾವಿರ ವರ್ಷದ ಹಿಂದಿನ ನಮ್ಮಂಥ ಜನ, ಕೆಲಸ ಮಾಡಿ ಹೊತ್ತಾದರೆ ಅಲ್ಲೇ ನಮಾಜು ಮಾಡುತ್ತಿದ್ದರು ಎಂದು ಅವರು ಹೇಳಿದರು.

ಸೈದಾನಬಿ ಸ್ವಲ್ಪ ಯೋಚಿಸಿದಳು. ‘ಅಲ್ಲಿಂದ ಮಕ್ಕಾ ಯಾವ ದಿಕ್ಕಿಗಿ ಬರ್ತದ?'

‘ಮೂಡಲಕ್ಕ.'

‘ನಮಗ ಪಡುವಲಕ್ಕಲ್ಲ?'

‘ಹೌದು. ನಾವು ಅದರ ಈ ಕಡಿ, ಅವರು ಆ ಕಡಿ.'

‘ಹಂಗಾದ್ರ,' ಅಂದಳು ಅವಳು, ಕಣ್ಣು ದೊಡ್ಡದು ಮಾಡಿ, ‘ನಮಾಜಿಗಿ ನಿಂತಾಗ ನಾವು ಈ ಕಡಿಯಿಂದ, ಅವರು ಆ ಕಡಿಯಿಂದ, ಒಬ್ಬರ ಮಾರಿ ಒಬ್ಬರಿಗಿ ಇದ್ದಂಗ ಆತು.'

ದಸ್ತಗೀರ ಅವರು ತಲೆಯಾಡಿಸಿದರು. ಭೂಮಿಯ ಮೇಲಿನ ದಿಕ್ಕುಗಳನ್ನೆಲ್ಲ ಅಳೆದಿದ್ದ ಅವರಿಗೆ ಆ ಮಾತು ಎಂದೂ ಹೊಳೆದಿರಲಿಲ್ಲ.